ಅಮವಾಸ್ಯೆಗೆ ಮಾತ್ರ ಕೈಕೊಡುತ್ತಿದ್ದ ರೂಟರು

ತಿಂಗಳುದ್ದಕ್ಕೂ ತಂಟೆಯಿಲ್ಲದೆ ದುಡಿಯುವ ಯಂತ್ರವೊಂದು, ಆಡಳಿತ ಮಂಡಳಿಯವರು ಬಂದು ಎದುರಿಗೆ ಕುಳಿತ ದಿನವೇ ಕೈಕೊಟ್ಟರೆ ಅದನ್ನು ಜೋಡಿಸಿಕೊಟ್ಟವರ ಮಾನ ಏನಾಗಬೇಡ? ನನಗೆ ಇದು ಒಂದೇ ಊರಿನಲ್ಲಿ, ಒಂದೇ ಮೇಜಿನ ಮೇಲೆ, ಎರಡು ಸಲ ಆಯಿತು. ಮೂರನೆಯ ಸಲವೂ ಆಯಿತು ಅನ್ನಬೇಕು, ಆದರೆ ಆ ದಿನ ನಾನು ಅಲ್ಲೇ ಇದ್ದೆ.

ಆಗ ನಾನು ಬಾಗಲಕೋಟೆಯ ನವನಗರದಲ್ಲಿ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷವಾಗಿತ್ತು. ಫೋನಿನ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಬರುವುದು ನಮ್ಮ ಕಡೆಯ ಊರುಗಳಿಗೆ ಇನ್ನೂ ಹೊಸ ಮಾತು. ಅಂಗಡಿಯಲ್ಲಿ ಮಾಲೀಕರನ್ನು ಬಿಟ್ಟರೆ ರೂಟರಿನೊಳಗೆ ಕೈಯಾಡಿಸಲು ಬರುತ್ತಿದ್ದುದು ನನಗೊಬ್ಬಳಿಗೇ. ಹೆಣ್ಣುಮಗಳೊಬ್ಬಳು ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿಳಿದು ಬಂದರೆ, "ಎಂಜಿನಿಯರ್ ಎಲ್ಲ್ಯದಾರ್ರಿ?" ಎಂದು ನನ್ನ ಬೆನ್ನ ಹಿಂದೆ ಇಣುಕುವವರು ಬಹಳ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಚೀಲದಾಗ ಅದಾನ್ರಿ, ತಗದು ತೋರಸ್ಲೇನು?" ಎಂದು ಕೇಳಿಬಿಡುತ್ತಿದ್ದೆ.

ಕೆಲಸ ಬಂದದ್ದು ಇಳಕಲ್ಲಿನ ಕೈಮಗ್ಗ ನೇಕಾರರ ಒಂದು ಸಂಘದಿಂದ. ಸಂಘಕ್ಕೆ ಇಳಕಲ್ಲಿನಲ್ಲಿ ಮಗ್ಗಗಳ ದೊಡ್ಡ ಕಟ್ಟಡ, ಅದರ ಮುಂಭಾಗದಲ್ಲಿ ಆಫೀಸು, ಪಕ್ಕದಲ್ಲಿ ಸೀರೆ ಮಾರುವ ಕೋಣೆ. ಇದಲ್ಲದೆ ಬಾದಾಮಿಯಲ್ಲಿ ಒಂದು ಪುಟ್ಟ ಅಂಗಡಿ. ಗುಹೆ ನೋಡಲು ಬರುವವರು, ಸುತ್ತಲಿನ ಹಳ್ಳಿಗಳಿಂದ ಮದುವೆ ಜವಳಿಗೆ ಬರುವವರು, ಎಲ್ಲರೂ ಅಲ್ಲಿಗೆ ಕಾಲಿಡುತ್ತಿದ್ದರು. ಆದರೆ ಕೈಮಗ್ಗದ ಸೀರೆ ಒಂದರಂತೆ ಇನ್ನೊಂದು ಸಿಗುವುದಿಲ್ಲ. ಗಿರಾಕಿ "ದಡಿ ಇದೇ ಇರಲಿ, ಒಡಲು ಬೇರೆ ಬಣ್ಣದ್ದು ಬೇಕು" ಅಂದರೆ ಬಾದಾಮಿಯಿಂದ ಇಳಕಲ್ಲಿಗೆ ಫೋನು ಮಾಡಬೇಕು, ಅಲ್ಲಿ ಕಾರ್ಯದರ್ಶಿ ಎದ್ದು ಕಪಾಟು ತಡಕಬೇಕು, ಅಷ್ಟರಲ್ಲಿ ಗಿರಾಕಿ ಬಸ್ಸು ಹತ್ತಿರುತ್ತಿದ್ದ. ಒಮ್ಮೆ ಬಾದಾಮಿಯಲ್ಲಿ ಮಾತುಕೊಟ್ಟಿದ್ದ ಸೀರೆಯನ್ನೇ ಇಳಕಲ್ಲಿನಲ್ಲಿ ಬೇರೆಯವರಿಗೆ ಮಾರಿಬಿಟ್ಟು, ಮದುವೆ ಮನೆಯವರು ಅಂಗಡಿಯೆದುರು ನಿಂತು ಬಾಯಿಗೆ ಬಂದದ್ದು ಅಂದು ಹೋಗಿದ್ದರಂತೆ. ಅಂದಿನಿಂದ ಆಡಳಿತ ಮಂಡಳಿ ಆ ಅಂಗಡಿಯನ್ನು ಮುಚ್ಚುವ ಮಾತೆತ್ತಿತ್ತು.

ಕಾರ್ಯದರ್ಶಿಗೆ ಅದಕ್ಕೆ ಮನಸ್ಸಿರಲಿಲ್ಲ. ಐವತ್ತು ದಾಟಿದ ಮನುಷ್ಯ. ಮೇಜಿನ ಮೇಲೆ ಒಂದು ಎಳೆ ನೂಲು ಬಿದ್ದಿದ್ದರೂ ಎತ್ತಿ ಹಾಕಿದ ಮೇಲೆಯೇ ಮಾತು ಮುಂದುವರಿಸುವಷ್ಟು ಶುಚಿ. ದಾಸ್ತಾನಿನಲ್ಲಿದ್ದ ಸೀರೆಗಳನ್ನೆಲ್ಲ ಫೋಟೋ ಸಮೇತ ಆಫೀಸಿನ ಒಂದು ಕಂಪ್ಯೂಟರಿಗೆ ತಾವೇ ತುಂಬಿಟ್ಟಿದ್ದರು. ನಾವು ಅದನ್ನೇ ಸರ್ವರ್ ಎಂದು ಕರೆದೆವು.

"ಇದನ್ನ ಬಾದಾಮ್ಯಾಗ ಕುಂತು ನೋಡುವಂಗ ಮಾಡಿಕೊಡ್ರಿ ಮೇಡಂರ," ಅಂದರು. "ಮಂಡಳಿಯವ್ರಿಗೆ ಯುಗಾದಿ ತನಕಾ ತಡೀರಿ ಅಂದೇನಿ. ಮದುವಿ ಸುಗ್ಗಿ ಸುರು ಆಗೂದ್ರಾಗ ಇದು ಆತಂದ್ರ ಅಂಗಡಿ ಉಳೀತದ. ಇಲ್ಲಂದ್ರ ಕೀಲಿ ಹಾಕ್ತಾರ."

ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗುವ ಬಸ್ಸು ನಮ್ಮೂರು ಬೇವೂರಿನ ಮೇಲೆಯೇ ಹಾದು ಹುನಗುಂದದ ಕಡೆ ಹೋಗುತ್ತಿತ್ತು. ರಸ್ತೆಗೆ ಹತ್ತಿದಂತೆ ನಮ್ಮ ಹೊಲ. ಅವ್ವ ಹೊಲದಲ್ಲಿದ್ದರೆ ಬಸ್ಸಿಗೆ ಕೈ ಬೀಸುತ್ತಿದ್ದಳು. ನಾನು ಯಾವ ಬಸ್ಸಿನಲ್ಲಿದ್ದೇನೆ ಎಂದು ಅವಳಿಗೆ ಗೊತ್ತಿರುತ್ತಿರಲಿಲ್ಲ, ಹಾಗಾಗಿ ಹೋಗುವ ಬಸ್ಸಿಗೆಲ್ಲ ಬೀಸುತ್ತಿದ್ದಳು.

ರೂಟರು ಏನು ಮಾಡುತ್ತದೆ ಎಂದು ಕಾರ್ಯದರ್ಶಿ ಮೊದಲ ದಿನವೇ ಕೇಳಿದರು. ನಾನು ಅವರನ್ನೇ ಉದಾಹರಣೆಗೆ ಹಿಡಿದೆ. ಸಂಘದೊಳಗೆ ಮಗ್ಗಗಳು ಬೇಕಾದಷ್ಟಿವೆ, ಆದರೆ ಅಂಚೆಯವನಿಗೆ ಗೊತ್ತಿರುವುದು ಸಂಘದ ಒಂದೇ ವಿಳಾಸ. ಒಳಗಿನ ನೇಕಾರ ಯಾರಿಗೇ ಪತ್ರ ಬರೆದರೂ ಮೇಲೆ ಸಂಘದ ವಿಳಾಸ ಹಾಕಿ ಕಳಿಸುವವರು ನೀವು. ಉತ್ತರ ಬಂದರೆ ಅದು ಯಾರದೆಂದು ನೆನಪಿಟ್ಟು ಒಳಗೆ ತಲುಪಿಸುವವರೂ ನೀವೇ. ರೂಟರು ಮಾಡುವುದು ಇಷ್ಟೇ. ಆದರೆ ನಾವು ಪತ್ರ ಬರೆಯದೆಯೇ ಹೊರಗಿನವರು ತಾವಾಗಿ ಬಂದು ಬಾಗಿಲು ತಟ್ಟಿದರೆ ಯಾರ ಹತ್ತಿರ ಕಳಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ, ಬಾಗಿಲು ತೆರೆಯುವುದೇ ಇಲ್ಲ. ಇಂಥ ಅಂಕಿಯ ಬಾಗಿಲಿಗೆ ಬಂದವರನ್ನು ಇಂಥ ಕಂಪ್ಯೂಟರಿಗೆ ಕರೆದುಕೊಂಡು ಹೋಗು ಎಂದು ಮೊದಲೇ ಹೇಳಿಡಬೇಕು. ಆ ಅಂಕಿಗೆ ಪೋರ್ಟ್ ಎನ್ನುತ್ತಾರೆ.

"ಅಂದ್ರ ನಾ ಮಾಡೂ ಕೆಲಸಾನ ಈ ಡಬ್ಬಿ ಮಾಡತದ ಅನ್ರಿ," ಅಂದರು. "ಮತ್ತ ನಾ ಇನ್ನ ಮನಿಗೆ ಹೋಗ್ಲೇನು?"

ಹೇಳಿದಷ್ಟು ಸಲೀಸಾಗಿ ಕೆಲಸ ಆಗಲಿಲ್ಲ. ರೂಟರಿನ ಪುಟ ತೆರೆದು, ಸಂಪರ್ಕ ಕೊಟ್ಟ ಕಂಪನಿಯ ಯೂಸರ್ ನೇಮು, ಪಾಸ್‌ವರ್ಡ್ ತುಂಬಿದೆ. ಇಂಟರ್ನೆಟ್ ಬಂತು. ರೂಢಿಯಂತೆ ಎಂಬತ್ತನೆಯ ಪೋರ್ಟನ್ನು ಸರ್ವರಿನ ಕಡೆ ತಿರುಗಿಸಿ, ಬಾಗಲಕೋಟೆಯಲ್ಲಿದ್ದ ಮಾಲೀಕರಿಗೆ ಫೋನು ಮಾಡಿ ನೋಡಿರಿ ಅಂದೆ. ಅವರಿಗೆ ಸೀರೆಯ ಬದಲು ರೂಟರಿನದೇ ಲಾಗಿನ್ ಪುಟ ಕಂಡಿತು. ಆ ಪೋರ್ಟನ್ನು ರೂಟರು ತನ್ನ ಪುಟಕ್ಕೇ ಹಿಡಿದುಕೊಂಡು ಕೂತಿತ್ತು, ಅದೂ ಜಗತ್ತಿಗೆಲ್ಲ ಕಾಣುವ ಹಾಗೆ. ಅದನ್ನು ಹೊರಗಿನವರಿಗೆ ಮುಚ್ಚಿ, ಸರ್ವರಿಗೆ ಎಂಟು ಸಾವಿರದ ಎಂಬತ್ತು ಎಂಬ ಬೇರೆ ಪೋರ್ಟು ಕೊಟ್ಟೆ. ಕೆಲಸ ಮಾಡಿತು. ಮಧ್ಯಾಹ್ನ ಕರೆಂಟು ಹೋಗಿ ಬಂದಿತು, ಹೊರಗಿನವರಿಗೆ ಸರ್ವರು ಮತ್ತೆ ಕಾಣದಾಯಿತು. ಒಳಗಿನ ಕಂಪ್ಯೂಟರುಗಳಿಗೆ ರೂಟರೇ ವಿಳಾಸ ಹಂಚುತ್ತದೆ. ಕರೆಂಟು ಬಂದಾಗ ಮೊದಲು ಎದ್ದ ಕಂಪ್ಯೂಟರು ಸರ್ವರಿನ ವಿಳಾಸವನ್ನು ತಾನು ತೆಗೆದುಕೊಂಡುಬಿಟ್ಟಿತ್ತು. ಬಾದಾಮಿಯವರು ಬಂದರೆ ಬಿಲ್ಲು ಹೊಡೆಯುವ ಕಂಪ್ಯೂಟರಿನ ಮುಂದೆ ನಿಲ್ಲುತ್ತಿದ್ದರು. ಸರ್ವರಿಗೆ ಬದಲಾಗದ ವಿಳಾಸವನ್ನು ಕೈಯಾರೆ ಬರೆದೆ. ಇನ್ನು ಹೊರಗಿನ ವಿಳಾಸವೂ ದಿನಕ್ಕೊಂದು ಆಗುತ್ತಿತ್ತು. ಸ್ಥಿರ ವಿಳಾಸಕ್ಕೆ ಬೇರೆ ಅರ್ಜಿ, ಬೇರೆ ಬಾಡಿಗೆ. ಮಂಡಳಿ ಒಪ್ಪಲಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಹೆಸರು ಪಡೆದು, ವಿಳಾಸ ಬದಲಾದಾಗಲೆಲ್ಲ ರೂಟರು ತಾನೇ ಹೊಸದನ್ನು ಆ ಹೆಸರಿಗೆ ಜೋಡಿಸುವಂತೆ ಮಾಡಿದೆ. ಅಲ್ಲಿಗೆ ಬಾದಾಮಿಯವರು ಹೆಸರು ಹೊಡೆದರೆ ಸಾಕು.

ಎಲ್ಲ ಮುಗಿಯಿತು ಅನ್ನುವಾಗ ಆ ಹೆಸರನ್ನು ಇಳಕಲ್ಲಿನ ಆಫೀಸಿನಲ್ಲಿಯೇ ಹೊಡೆದು ನೋಡಿದೆ. ಪುಟ ಬರಲಿಲ್ಲ. ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಬರೆದೆ. ಬರಲಿಲ್ಲ. ಫೈರ್‌ವಾಲ್ ತೆಗೆದು ನೋಡಿದೆ, ತಂತಿ ಬದಲಿಸಿದೆ, ಊಟ ಬಿಟ್ಟೆ. ಕಡೆಗೆ ಮಾಲೀಕರೇ ಫೋನು ಮಾಡಿ, "ಏನ್ ನಡಸೀಯವಾ? ಇಲ್ಲೆ ಆಗಳೆ ಸೀರಿ ಕಾಣಾಕತ್ತಿದ್ವು, ಈಗ ಒಮ್ಮೆ ಬರ್ತಾವ, ಒಮ್ಮೆ ಹೋಗ್ತಾವ," ಅಂದರು. ಆಗ ತಲೆಗೆ ಹೊಳೆಯಿತು. ಹೊರಗೆ ಹೋಗಿ ಅದೇ ಬಾಗಿಲಿನಿಂದ ಒಳಗೆ ಬರಲು ಒಳಗಿನವರಿಗೆ ಆ ರೂಟರು ಬಿಡುತ್ತಿರಲಿಲ್ಲ. ಅಂಥ ರೂಟರುಗಳು ಇರುತ್ತವೆ. ಕೆಲಸ ಮಾಡುತ್ತಿದ್ದುದನ್ನು ನಾನೇ ಅರ್ಧ ದಿನ ಕೂತು ಕೆಡಿಸಿ ಕಟ್ಟುತ್ತಿದ್ದೆ. ಒಳಗಿದ್ದವರಿಗೆ ಕಾಣುವುದಿಲ್ಲ, ಹೊರಗಿನವರಿಗೆ ಮಾತ್ರ ಕಾಣುತ್ತದೆ ಎಂದು ಕಾರ್ಯದರ್ಶಿಗೆ ಹೇಳಿದಾಗ ಅವರು ನನ್ನನ್ನು ಒಂದು ನಮೂನೆ ನೋಡಿದರು.

ಮರುದಿನ ಕೆರೂರ ಮೇಲಿಂದ ಬಾದಾಮಿಗೆ ಹೋದೆ. ಅಲ್ಲಿಯ ಅಂಗಡಿ ನೋಡಿಕೊಳ್ಳುತ್ತಿದ್ದವರು ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳು, ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ನಾನು ಅಕ್ಕ ಎಂದೇ ಕರೆದೆ. ಹುಡುಗಿಯಾಗಿದ್ದಾಗಿನಿಂದ ಕುಣಿಮಗ್ಗದಲ್ಲಿ ಕೂತವರು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ದಿನವಿಡೀ ತುಳಿಯುವ ಮಗ್ಗ ಅದು. ತುಳಿದೂ ತುಳಿದೂ ಎರಡೂ ಮೊಣಕಾಲು ಹೋಗಿದ್ದವು. ಇನ್ನು ಮಗ್ಗ ತುಳಿಯಕೂಡದು ಎಂದು ದವಾಖಾನೆಯಲ್ಲಿ ಹೇಳಿದ ಮೇಲೆ ಸಂಘ ಅವರನ್ನು ಇಲ್ಲಿಗೆ ಕಳಿಸಿತ್ತು. ಮಗಳು ಅಲ್ಲೇ ಸಾಲಿಗೆ ಹೋಗುತ್ತಿದ್ದಳು.

"ಅಂಗಡಿ ಮುಚ್ಚಿದ್ರ ನಾ ಹೊಳ್ಳಿ ಕುಣಿಗೇ ಇಳೀಬೇಕು ತಂಗಿ," ಅಂದರು, ಚಹಾ ಬಗ್ಗಿಸುತ್ತ. "ಇಳಿಯೂದೇನ ಇಳದೇನು, ಹೊಳ್ಳಿ ಮ್ಯಾಲ ಬರೂದ ಹೆಂಗ?"

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಅಲ್ಲಿಯವರೆಗೆ ಅದು ಒಂದು ಪೋರ್ಟಿನ ಕೆಲಸವಾಗಿತ್ತು, ಅಂದಿನಿಂದ ಅಕ್ಕನ ಮೊಣಕಾಲಿನ ಕೆಲಸವಾಯಿತು.

ಬಾದಾಮಿ ಅಂಗಡಿಗೆ ಇನ್ನೂ ಬ್ರಾಡ್‌ಬ್ಯಾಂಡ್ ಸಿಕ್ಕಿರಲಿಲ್ಲ. ಫೋನಿನ ತಂತಿಗೆ ಮೋಡೆಮ್ ಹಾಕಿ ಡಯಲ್ ಮಾಡಬೇಕು. ಆಗ ಫೋನಿನಲ್ಲಿ ಮಾತಾಡುವಂತಿಲ್ಲ. ಅಕ್ಕನ ಹತ್ತಿರ ಒಂದು ಮೊಬೈಲಿತ್ತು, ಅದಕ್ಕೆ ಸಿಗ್ನಲ್ ಬರುವುದು ಅಂಗಡಿಯ ಹೊಸ್ತಿಲಲ್ಲಿ ಮಾತ್ರ. ಕಂಪ್ಯೂಟರಿದ್ದದ್ದು ಹಿಂದಿನ ಗೋಡೆಗೆ. ಪರದೆಯ ಮೇಲೆ ಸೀರೆಯ ಫೋಟೋ ಮೇಲಿನಿಂದ ಕೆಳಗೆ ಒಂದೊಂದೇ ಪಟ್ಟಿಯಾಗಿ ನಿಧಾನ ಇಳಿಯುತ್ತಿತ್ತು. ಆದರೂ ಬಂತು. ಇಳಕಲ್ಲಿನ ಕಪಾಟಿನಲ್ಲಿ ಮಡಚಿಟ್ಟ ಸೀರೆ ಬಾದಾಮಿಯಲ್ಲಿ ಬಿಚ್ಚಿಕೊಂಡಿತು. "ನೇಯಾಕ ಹತ್ತಿದಂಗ ಐತಲ್ಲ ತಂಗಿ ಇದು," ಎಂದು ಅಕ್ಕ ಕುರ್ಚಿ ಎಳೆದುಕೊಂಡು ಕೂತರು. ಒಂದು ವಾರದಲ್ಲಿ ಅವರೇ ಹುಡುಕಿ, ಕಾದಿರಿಸಿ, ಗಿರಾಕಿಗೆ ಮಾತುಕೊಡುವಷ್ಟು ಕಲಿತರು.

ಆಮೇಲೆ ಮಂಡಳಿಯ ಸಭೆ ಬಂತು. ಮಂಡಳಿಯವರೆಲ್ಲ ನೇಕಾರರೇ. ಮಗ್ಗಕ್ಕೆ ರಜೆಯೆಂದರೆ ಅಮವಾಸ್ಯೆ, ಹಾಗಾಗಿ ಅವರ ಸಭೆಯೂ ಅಮವಾಸ್ಯೆಗೇ. ನಾನು ಬರಬೇಕಾಗಿಲ್ಲ, ಬಾದಾಮಿಗೆ ಫೋನು ಹಚ್ಚಿ ತಾವೇ ತೋರಿಸುತ್ತೇನೆ ಅಂದಿದ್ದರು ಕಾರ್ಯದರ್ಶಿ. ಮಧ್ಯಾಹ್ನ ಅವರ ಫೋನು ಬಂತು. ದನಿ ಇಳಿದಿತ್ತು.

"ಇಂಟರ್ನೆಟ್ಟ ಇಲ್ರಿ ಮೇಡಂರ. ಎಲ್ಲಾರ ಮುಂದ ನಾ ಹುಚ್ಚ ಆದೆ."

ಮರುದಿನ ಹೋಗಿ ನೋಡಿದರೆ ರೂಟರಿನಲ್ಲಿ ನಾನು ಬರೆದದ್ದು ಒಂದಕ್ಷರವೂ ಇರಲಿಲ್ಲ. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ರೂಟರಿನ ಹಾಗೆ ಖಾಲಿ. "ಯಾರರ ಇದನ್ನ ಮುಟ್ಟಿದ್ರೇನ್ರಿ?" ಎಂದು ಕೇಳಿದೆ. "ಯಾರೂ ಮುಟ್ಟಿಲ್ರಿ. ಅಮಾಸಿ, ಆಫೀಸಿಗೆ ಸೂಟಿ," ಅಂದರು. ಕರೆಂಟಿನ ಏರಿಳಿತ ಎಂದು ನಾನು ತೀರ್ಪು ಕೊಟ್ಟೆ. ಎಲ್ಲವನ್ನೂ ಮತ್ತೆ ಬರೆದು, ರೂಟರಿಗೆ ಯುಪಿಎಸ್ ಕೊಡಿಸಿದೆ.

ಮುಂದಿನ ಅಮವಾಸ್ಯೆಯವರೆಗೆ ಬಾದಾಮಿಯಿಂದ ಒಂದು ದೂರೂ ಬರಲಿಲ್ಲ. ಅಮವಾಸ್ಯೆಯ ಸಭೆಯಲ್ಲಿ ಮತ್ತೆ ಅದೇ ಕತೆ. ಈ ಸಲ ರೂಟರನ್ನೇ ಬದಲಿಸಿದೆ. ದೂರವಾಣಿ ಕಚೇರಿಯ ಲೈನ್‌ಮನ್ ಜೊತೆ ಕಂಬದ ಕೆಳಗೆ ನಿಂತು ಜಗಳ ಮಾಡಿದೆ. ಅವನು, "ನಮ್ಮ ತಂತಿ ನಿಮ್ಮ ಡಬ್ಬಿ ಒಳಗ ಹೋಗಿ ಅಳಸ್ತದೇನ್ರಿ?" ಎಂದು ಕೇಳಿದ. ನ್ಯಾಯವಾಗಿಯೇ ಕೇಳಿದ್ದ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಮಂಡಳಿಯವರ ಮಟ್ಟಿಗೆ ಈ ಯಂತ್ರ ಹುಟ್ಟಿದಾಗಿನಿಂದ ಒಂದು ದಿನವೂ ಕೆಲಸ ಮಾಡಿರಲಿಲ್ಲ, ಏಕೆಂದರೆ ಅವರು ನೋಡಿದ ದಿನ ಅದು ಕೆಲಸ ಮಾಡಿರಲಿಲ್ಲ. ಯುಗಾದಿಯ ಅಮವಾಸ್ಯೆಗೆ ಕೊನೆಯ ಸಲ ನೋಡುವುದು, ಆಗದಿದ್ದರೆ ಅಂದೇ ಠರಾವು ಮಾಡಿ ಬಾದಾಮಿ ಅಂಗಡಿಗೆ ಕೀಲಿ ಹಾಕುವುದು ಎಂದಾಯಿತು.

ದಾರಿ ತೋರಿದ್ದು ಅಕ್ಕನ ಒಂದು ಕುಚೋದ್ಯದ ಮಾತು. "ನಿನ್ನ ಮಷೀನೂ ನಮ್ಮ ಮಂದೀ ಗತೇನ ಕಾಣಸ್ತದ ತಂಗಿ. ಅಮಾಸಿಗೆ ಸೂಟಿ ಹಿಡೀತದ," ಅಂದರು ಒಮ್ಮೆ ಫೋನಿನಲ್ಲಿ. ನಕ್ಕು ಫೋನಿಟ್ಟೆ. ಆಮೇಲೆ ನಗು ನಿಂತಿತು. ರೂಟರು ಖಾಲಿಯಾದದ್ದು ಎರಡು ಸಲ, ಎರಡೂ ಸಲ ಅಮವಾಸ್ಯೆಯ ದಿನವೇ. ಚಂದ್ರನಿಗೂ ರೂಟರಿಗೂ ಸಂಬಂಧವಿಲ್ಲ. ಆದರೆ ಆ ಕಟ್ಟಡಕ್ಕೂ ಅಮವಾಸ್ಯೆಗೂ ಇತ್ತು. ಆ ದಿನ ಅಲ್ಲಿ ಏನು ನಡೆಯುತ್ತದೆ ಎಂದು ನಾನು ಒಮ್ಮೆಯೂ ಹೋಗಿ ನೋಡಿರಲಿಲ್ಲ. ಮಾಲೀಕರಿಗೆ ಹೇಳಿ, ಯುಗಾದಿ ಅಮವಾಸ್ಯೆಯ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ.

ಇಳಕಲ್ಲಿನ ಆ ಓಣಿ ಸುಮ್ಮನಿದ್ದುದನ್ನು ನಾನು ಕಂಡದ್ದು ಅಂದೇ ಮೊದಲು. ಬೇರೆ ದಿನ ಬಂದರೆ ಬಾಗಿಲು ಬಾಗಿಲಿಗೂ ಮಗ್ಗದ ಸದ್ದು. ಅಂದು ಮಗ್ಗಗಳನ್ನೆಲ್ಲ ಝಾಡಿಸಿ, ಒರೆಸಿ, ವಿಭೂತಿ ಎಳೆದು, ಚೆಂಡುಹೂ ಇಟ್ಟಿದ್ದರು. ಊದಿನಕಡ್ಡಿಯ ವಾಸನೆ ಆಫೀಸಿನವರೆಗೂ ಬಂದಿತ್ತು. ಆಫೀಸಿನ ಬಾಗಿಲಲ್ಲಿ ನಾನು ಚಪ್ಪಲಿ ಬಿಡುತ್ತಾ ಒಳಗೆ ನೋಡಿದೆ.

ಸರ್ವರಿನ ಹಣೆಗೆ ಕುಂಕುಮ ಬಿದ್ದಿತ್ತು. ಅದರ ಪಕ್ಕದಲ್ಲಿ ಕಾರ್ಯದರ್ಶಿ ಸ್ನಾನ ಮಾಡಿ, ಮಡಿ ಧೋತರ ಉಟ್ಟು, ರೂಟರನ್ನು ಅಂಗೈ ಮೇಲಿಟ್ಟುಕೊಂಡು ಕೂತಿದ್ದರು. ರೂಟರಿನ ದೀಪಗಳು ಉರಿಯುತ್ತಲೇ ಇದ್ದವು. ಒಂದು ಸೂಜಿಯ ತುದಿಗೆ ಅರಳೆಯ ನವಿರಾದ ಎಳೆ ಸುತ್ತಿ, ಹಿಂಬದಿಯ ಸಣ್ಣ ತೂತಿನೊಳಗೆ ಇಳಿಸಿ, ತಳಕ್ಕೆ ಒತ್ತಿ ಹಿಡಿದು, ಮೆಲ್ಲಗೆ ತಿರುವುತ್ತಿದ್ದರು. ಮಗುವಿನ ಕಿವಿ ತೆಗೆಯುವಷ್ಟು ನಾಜೂಕಾಗಿ.

ಆ ತೂತಿನೊಳಗಿರುವುದು ರಿಸೆಟ್ ಗುಂಡಿ. ಕೆಲವು ಕ್ಷಣ ಒತ್ತಿ ಹಿಡಿದರೆ ರೂಟರು ಎಲ್ಲವನ್ನೂ ಮರೆತು ಹೊಸದಾಗುತ್ತದೆ.

ನನ್ನ ಕಣ್ಣೆದುರೇ ದೀಪಗಳೆಲ್ಲ ಒಮ್ಮೆಲೇ ಆರಿ, ಒಮ್ಮೆಲೇ ಹತ್ತಿದವು. ಕಾರ್ಯದರ್ಶಿ ತಲೆಯೆತ್ತಿ ನನ್ನನ್ನು ನೋಡಿ ನಕ್ಕರು. "ಬರ್ರಿ, ಬರ್ರಿ. ನೋಡಿದ್ರೇನು? ಪೂಜಿ ಮುಗಿದ ಕೂಡ್ಲೇ ಎಲ್ಲಾ ದೀಪ ಕೂಡೇ ಮಿಣುಕ್ತಾವ. ಪ್ರತಿ ಅಮಾಸಿಗೂ ಹಿಂಗ. ದೇವ್ರು ಒಪ್ಪಿಕೊಂಡಂಗ ಆಗ್ತದ ನೋಡ್ರಿ ಮನಸ್ಸಿಗೆ."

ನನ್ನ ಬಾಯಿಯ ತನಕ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಎರಡು ತಿಂಗಳ ಓಡಾಟ, ಲೈನ್‌ಮನ್ ಜೊತೆಗಿನ ಜಗಳ, ಯುಪಿಎಸ್, ಎಲ್ಲವೂ ಒಟ್ಟಿಗೆ ನೆತ್ತಿಗೇರಿದವು. ಆದರೆ ಅವರ ಕೈಯಲ್ಲಿದ್ದ ಅರಳೆ ನೋಡಿದೆ. ಕರ್ರಗಾಗಿತ್ತು. ಮಗ್ಗದ ಮನೆಯಲ್ಲಿ ನೂಲಿನ ಧೂಳು ಎಲ್ಲದರೊಳಗೂ ಹೊಗುತ್ತದೆ, ಒರೆಸದಿದ್ದರೆ ಯಾವುದೂ ಬಾಳುವುದಿಲ್ಲ. ನಮ್ಮವ್ವನೂ ಅಮವಾಸ್ಯೆಗೆ ಬಂಡಿಯ ಗಾಲಿ ತೊಳೆದು ವಿಭೂತಿ ಹಚ್ಚುತ್ತಾಳೆ, ಕೀಲಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತಾಳೆ. ಬೈಯಲು ಬಾಯಿ ಬರಲಿಲ್ಲ.

"ಡಬ್ಬಿ ಬಂದ್ ಮಾಡದ ಯಾಕ ಒರಸ್ತೀರಿ?" ಎಂದಷ್ಟೇ ಕೇಳಿದೆ.

"ಅಮಾಸಿ ದಿನಾ ದೀಪ ಆರಸಬಾರ್ದಲ್ರಿ."

ಆ ತೂತು ಏನೆಂದು ಹೇಳಿದೆ. ಅವರ ಮುಖ ಬಿಳಿಚಿತು. ರೂಟರನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು.

"ಹಂಗಾರ ಎರಡೂ ಅಮಾಸಿಗೆ ಅಳಸಿದಾಂವಾ ನಾನ?"

"ಹೂಂರಿ."

"ಯಾರೂ ಮುಟ್ಟಿಲ್ಲಂತ ನಾ ಸುಳ್ಳ ಹೇಳಿಲ್ರಿ ಮೇಡಂರ. ಪೂಜಿ ಮಾಡಿದ್ದು ಮುಟ್ಟಿದಂಗ ಅಂತ ನನಗ ಹೊಳೀಲೇ ಇಲ್ಲ." ಸೂಜಿಯನ್ನು ಕೆಳಗಿಟ್ಟು, "ಆ ಹೆಣ್ಮಗಳ ಅನ್ನಾ ನಾನ ಕಸಗೋತಿದ್ನೆಲ್ಲ," ಅಂದರು.

ಅಷ್ಟರಲ್ಲಿ ಹೊರಗೆ ಮಂಡಳಿಯವರ ಮಾತು ಕೇಳಿಸಿತು. ಬೇಗನೆ ಬಂದುಬಿಟ್ಟಿದ್ದರು. ಮುಂದಿನ ಸಭೆಗೆ ಹಾಕಿರೆಂದು ಕೇಳಲೇ ಎಂದರು ಕಾರ್ಯದರ್ಶಿ. ಕೇಳಿದರೆ ಕೊಡುತ್ತಿರಲಿಲ್ಲ, ಅಂದೇ ಠರಾವು ಎಂದು ಮೊದಲೇ ಹೇಳಿದ್ದರು. ನಮ್ಮ ಮಾಲೀಕರು ಕೆಲಸಕ್ಕೆ ಸೇರಿದ ದಿನವೇ ನನಗೊಂದು ಮಾತು ಹೇಳಿಕೊಟ್ಟಿದ್ದರು: ಅರ್ಧ ಆದ ಕೆಲಸವನ್ನು ಗಿರಾಕಿಗೆ ತೋರಿಸಬಾರದು, ಬಾಗಿಲು ಹಾಕಿಕೊಂಡು ಮುಗಿಸಿ ಆಮೇಲೆ ಕರೆಯಬೇಕು. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದವಳು. ಅಂದು ಬೇಡವೆನಿಸಿತು. ಇವರು ನೋಡಿದ್ದೆಲ್ಲ ಸತ್ತ ಯಂತ್ರವನ್ನೇ. ಅದು ಏಳುವುದನ್ನೂ ಇವರೇ ನೋಡಲಿ.

ಅಧ್ಯಕ್ಷರು ಒಳಗೆ ಬಂದರು. ಎಪ್ಪತ್ತರ ಹತ್ತಿರದ ನೇಕಾರ, ಮಾತು ಕಡಿಮೆ. ಹಿಂದೆ ಉಳಿದ ಸದಸ್ಯರು. "ಮತ್ತ ಸತ್ತೈತೇನವಾ?" ಎಂದು ಕೇಳಿದರು.

"ಸತ್ತಿಲ್ರಿ ಕಾಕಾರ. ಎಲ್ಲಾ ಮರತೈತಿ. ಕುಂದರ್ರಿ, ನಿಮ್ಮ ಮುಂದ ಮೊದಲಿಂದ ಕಲಸ್ತೇನಿ."

ಪರದೆಯನ್ನು ಅವರ ಕಡೆ ತಿರುಗಿಸಿದೆ. ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತಾ ಬರೆದೆ. ಇದು ಸಂಪರ್ಕದ ಹೆಸರು, ಇದು ಪಾಸ್‌ವರ್ಡು. ಇಲ್ಲಿ ಈ ದೀಪ ಹತ್ತಬೇಕು, ಹತ್ತಿತು. ಇದು ಸರ್ವರಿನ ಒಳವಿಳಾಸ, ಮೊದಲೇ ಬರೆದದ್ದು ಸರ್ವರಿನಲ್ಲೇ ಇದೆ. ಇದು ಹೊರಗಿನ ಬಾಗಿಲು, ಈ ಬಾಗಿಲಿಗೆ ಬಂದವರನ್ನು ಆ ಒಳವಿಳಾಸಕ್ಕೆ ಕಳಿಸು. ಬಂದವರು ಪಾಸ್‌ವರ್ಡು ಹೇಳಿದರೆ ಮಾತ್ರ ಸೀರೆ ತೋರಿಸು. ನಡುನಡುವೆ ಅವರು ಪ್ರಶ್ನೆ ಕೇಳಿದರು. ಒಬ್ಬರು, "ಬ್ಯಾರೆ ಊರಿನ ವ್ಯಾಪಾರಿ ಈ ಬಾಗಲಕ್ಕ ಬಂದ್ರ?" ಅಂದರು. ಒಳ್ಳೆಯ ಪ್ರಶ್ನೆ, ಪಾಸ್‌ವರ್ಡಿಲ್ಲದೆ ಏನೂ ಕಾಣದು ಅಂದೆ. ಎರಡು ತಿಂಗಳಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ, ಏಕೆಂದರೆ ನಾನು ಯಾರಿಗೂ ತೋರಿಸಿರಲಿಲ್ಲ. ಎಲ್ಲ ಬರೆದು ಮುಗಿಸಿ ಅದರ ಒಂದು ನಕಲನ್ನು ಸರ್ವರಿನಲ್ಲಿ ಉಳಿಸಿದೆ.

ಆಗ ಕಾರ್ಯದರ್ಶಿ ಎದ್ದು ನಿಂತರು. "ಇದು ಮರತದ್ದಲ್ಲ, ನಾ ಮರಸಿದ್ದು," ಎಂದು ಸೂಜಿಯ ಕತೆಯನ್ನು ಬಿಡದೆ ಹೇಳಿದರು. ಆಮೇಲೆ ಅಧ್ಯಕ್ಷರು, "ನಮ್ಮ ಮನ್ಯಾಗ ಟೀವಿಗೂ ಪೂಜಿ ಮಾಡ್ತಾರ. ಪುಣ್ಯಾಕ ಅದಕ್ಕ ಇಂಥಾ ತೂತಿಲ್ಲ," ಅಂದರು. ಎಲ್ಲರೂ ನಕ್ಕರು. ಕಾರ್ಯದರ್ಶಿ ಒಂದು ಚೂರು ಮೇಣವನ್ನು ಬೆರಳಲ್ಲಿ ಮೆತ್ತಗೆ ಮಾಡಿ ಆ ತೂತಿಗೆ ತುಂಬಿ, ಮೇಲೆ ಕುಂಕುಮ ಹಚ್ಚಿದರು. ಪೂಜೆ ನಿಲ್ಲಿಸಿರೆಂದು ನಾನು ಹೇಳಲಿಲ್ಲ.

"ತೋರಸವಾ ಹಂಗಾರ," ಅಂದರು ಅಧ್ಯಕ್ಷರು.

"ಇಲ್ಲೆ ಕಾಣೂದಿಲ್ರಿ. ಬಾದಾಮ್ಯಾಗಷ್ಟ ಕಾಣ್ತದ."

"ಇಲ್ಲೆ ಕಾಣದ್ದನ್ನ ನಾವು ಹೆಂಗ ನಂಬೂದು?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

ಅಧ್ಯಕ್ಷರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಮನೆಯಿಂದ ಒಂದು ಸೀರೆ ತಂದು ಮೇಜಿನ ಮೇಲಿಟ್ಟರು. "ನಿನ್ನಿ ಸಂಜಿಮುಂದ ಮಗ್ಗದಿಂದ ಇಳಿಸೇನಿ. ಮನ್ಯಾಗಿನವ್ರನ್ನ ಬಿಟ್ಟು ಯಾರೂ ನೋಡಿಲ್ಲ. ಇದನ್ನ ಹಾಕ್ರಿ. ಅಕಿ ಅಲ್ಲೆ ಕುಂತು ಇದು ಎಂಥಾದಂತ ಹೇಳಲಿ."

ಕಾರ್ಯದರ್ಶಿ ಅದರ ಫೋಟೋ ತೆಗೆದು ಸರ್ವರಿಗೆ ಹಾಕಿದರು. ನಾನು ಅಕ್ಕನ ಮೊಬೈಲಿಗೆ ಫೋನು ಮಾಡಿ, ಆಫೀಸಿನ ಫೋನಿನ ಸ್ಪೀಕರ್ ಹಾಕಿದೆ. ಹೊಸದಾಗಿ ಬಂದ ಸೀರೆ ಯಾವುದು ನೋಡಿ ಹೇಳಿ ಅಂದೆ. ಅಕ್ಕ "ತಡಿ ತಂಗಿ" ಎಂದು ಮೊಬೈಲನ್ನು ಹೊಸ್ತಿಲ ಹತ್ತಿರ ಇಟ್ಟು ಒಳಗೆ ಹೋದರು. ಅವರು ಪರದೆಯ ತನಕ ನಡೆದು ಹೋಗಿ, ನೋಡಿ, ಹೊಸ್ತಿಲಿಗೆ ಬರಬೇಕು. ಸ್ಪೀಕರಿನಲ್ಲಿ ಬಾದಾಮಿಯ ರಸ್ತೆಯ ಸದ್ದು ಮಾತ್ರ. ಆ ಮೊಣಕಾಲುಗಳು ಒಳಗೆ ಹೊರಗೆ ಓಡಾಡುವುದನ್ನು ನೆನೆಯುತ್ತಾ ನಾನು ಫೋನಿನ ಹತ್ತಿರಕ್ಕೆ ಸರಿದೆ.

"ಒಡಲು ಬಂತ್ರಿ. ದಾಳಿಂಬ್ರಿ ಬಣ್ಣ," ಎಂದಿತು ದನಿ, ಸ್ವಲ್ಪ ಏದುತ್ತಾ. ಮತ್ತೆ ರಸ್ತೆಯ ಸದ್ದು. ಒಂದು ಬಸ್ಸು ಹೋಯಿತು. "ದಡಿ ಬಂತು. ಚಿಕ್ಕಿಪರಾಸ ನಮೂನಿ. ಭಾಳ ಸಣ್ಣ ಕೆಲಸ ಐತ್ರಿ, ಯಾರೋ ಹಳೇ ಕೈಯಿಂದು. ಸೆರಗ ಇನ್ನಾ ಇಳ್ಯಾಕತ್ತೈತಿ. ಮತ್ತೊಂದ ಮಾತು ತಂಗಿ, ಇಲ್ಲೆ ಕೆರೂರ ಕಡಿಯಿಂದ ಒಬ್ಬ ತಾಯಿ ಬಂದು ಕುಂತಾಳ, ಮಗಳ ಮದುವೀ ಜವಳಿ. ನನ್ನ ಹಿಂದ ನಿಂತು ನೋಡಿ, ಇದ ಬೇಕಂತ ಹಟಾ ಹಿಡದಾಳ. ಸೆರಗ ನೋಡಿ ಬರ್ತೇನಿ, ಅಲ್ಲಿತನಾ ಅದನ್ನ ಯಾರಿಗೂ ಕೊಡಬ್ಯಾಡ್ರಿ."

ಅಧ್ಯಕ್ಷರು ಮೇಜಿನ ಮೇಲಿದ್ದ ತಮ್ಮ ಸೀರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಮಡಿಕೆಗಳನ್ನು ಒಂದೊಂದಾಗಿ ಸರಿ ಮಾಡಿದರು. ಸದಸ್ಯರ ಕಡೆ ನೋಡಿದರು. ಒಬ್ಬೊಬ್ಬರಾಗಿ ತಲೆಯಾಡಿಸಿದರು. ಆಮೇಲೆ ಫೋನಿನ ಕಡೆ ಬಾಗಿ, ಸಭೆಯಲ್ಲಿ ಮಾತಾಡುವ ಗಟ್ಟಿ ದನಿಯಲ್ಲಿ ಹೇಳಿದರು:

"ಇವತ್ತ ಬಸ್ಸಿಗೆ ಕಳಸ್ತೇವಿ ಅಂತ ಹೇಳವಾ ಅವ್ರಿಗೆ. ಅಂಗಡಿ ಇರ್ತದ. ನೀ ಇನ್ನ ಕುಣಿಗೆ ಇಳಿಯೂದು ಬ್ಯಾಡ."

ಉತ್ತರ ಬರಲಿಲ್ಲ. ಅಕ್ಕ ಸೆರಗು ನೋಡಲು ಒಳಗೆ ಹೋಗಿಬಿಟ್ಟಿದ್ದರು. ಕೋಣೆಯಲ್ಲಿ ಅಷ್ಟು ಜನ ಕೂತು ಖಾಲಿ ರಸ್ತೆಯ ಸದ್ದು ಕೇಳಿದೆವು. ಕಡೆಗೆ ಹೆಜ್ಜೆಯ ಸದ್ದು, ಏದುಸಿರು.

"ಸೆರಗೂ ಬಂತ್ರಿ! ಕೆಂಪ ಸೆರಗ, ಬಿಳೀ ತೆನಿ. ಎಲ್ಲಾ ಬಂತು. ಹಲೋ? ಏನರ ಅಂದ್ರೇನು? ನಾ ಒಳಗಿದ್ದೆ."

ಅಧ್ಯಕ್ಷರು, "ನೀನ ಹೇಳವಾ," ಎಂದು ಫೋನನ್ನು ನನ್ನ ಕಡೆ ಸರಿಸಿದರು. ಕಾರ್ಯದರ್ಶಿ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಅಕ್ಕಾ," ಅಂದೆ, "ಮೊದಲ ಹೊಸ್ತಿಲದಾಗ ಒಂದ ಕುರ್ಚಿ ಹಾಕ್ಕೊಂಡು ಕುಂದರ್ರಿ. ಆಮ್ಯಾಲ ಹೇಳ್ತೇನಿ."